ಮೊದಲು ತಂತಿ, ಆಮೇಲೆ ಸಲಾಮು

ನನ್ನ ಮೊಮ್ಮಗಳು ಸುಜಾತಾಗೆ ನೌಕರಿ ಸಿಕ್ಕಿದೆ. ಇದನ್ನು ಮೊದಲು ಬರೆದುಬಿಡುತ್ತೇನೆ. ಹೊಟ್ಟೆಯೊಳಗೆ ಇಟ್ಟುಕೊಂಡರೆ ಮುಂದಿನ ಮಾತಿಗೆ ಜಾಗ ಸಿಗುವುದಿಲ್ಲ. ಹಾಡು ಮುದ್ರಿಸುವ ಕೋಣೆಯಲ್ಲಿ, ಕಿವಿಯ ಮೇಲೆ ಎರಡು ಕರಿ ಬಟ್ಟಲು ಕವುಚಿಕೊಂಡು, ಗಾಜಿನ ಆಚೆ ಹಾಡುವವರನ್ನು ನೋಡುತ್ತಾ ಕೂಡುವ ನೌಕರಿ. ಬೀದರಿನ ಮೈಲೂರಿನಲ್ಲಿ ನಮ್ಮ ಮನೆ. ಓಣಿಯಲ್ಲಿ ಯಾರು ಎದುರು ಬಂದರೂ ಇದನ್ನೇ ಹೇಳಿದೆ. ಹಾಲಿನವನಿಗೆ ಎರಡು ಸಲ ಹೇಳಿದೆನಂತೆ. ಅವನು, "ಮುತ್ಯಾ, ನಿನ್ನೇನೇ ಪೇಢೆ ಕೊಟ್ಟೀರಲ್ರಿ," ಎಂದ. "ಇವತ್ತೂ ತಗೋ," ಎಂದು ಮತ್ತೆ ಕೊಟ್ಟೆ.

ನಾನೂ ಆಯುಷ್ಯಪೂರ್ತಿ ಮಾಡಿದ್ದು ಧ್ವನಿಯ ಕೆಲಸವೇ. ನಮ್ಮ ಕಡೆ ಅದಕ್ಕೆ ಭೋಂಗಾದ ಕೆಲಸ ಅನ್ನುತ್ತಿದ್ದರು. ಭೋಂಗಾ ಅಂದರೆ ಗಿಡದ ಮೇಲೆ, ಮಾಳಿಗೆಯ ಮೇಲೆ ಕಟ್ಟುವ, ಉಮ್ಮತ್ತಿ ಹೂವಿನಂಥ ತಗಡಿನ ಲೌಡ್‌ಸ್ಪೀಕರ್. ನನ್ನ ಹೆಸರು ಮಾಣಿಕಪ್ಪ. ಆದರೆ ಭೋಂಗಾ ಮಾಣಿಕಪ್ಪ ಎಂದರೆ ಮಾತ್ರ ಜನಕ್ಕೆ ಗುರುತು.

"ಮುತ್ಯಾ, ನನ್ನ ಜೋಡಿ ಹೊಸದಾಗಿ ಸೇರಿದೋರು ಭಾಳ ಮಂದಿ ಅದಾರ. ನಿನ್ನ ಕೆಲ್ಸ ಹ್ಯಾಂಗಿತ್ತು ಬರಿ. ಅವರಿಗಿ ಓದಿ ತೋರಸ್ತೀನಿ," ಎಂದಳು ಸುಜಾತಾ.

"ನಾ ಕಲ್ತಿದ್ದು ಮೂರನೇತ್ತ. ಅದೂ ನಿಜಾಮನ ಕಾಲದ ಉರ್ದು ಸಾಲಿ. ಕನ್ನಡ ಅಂಗಡಿ ಬೋರ್ಡ್ ಓದಿ ಓದಿ ಕಲ್ತೀನಿ. ನಾ ಏನ್ ಬರೀಲವ್ವಾ?"

"ಮಾತಾಡ್ದಂಗ ಬರಿ. ಕಾಗುಣಿತ ನಾ ನೋಡ್ಕೋತೀನಿ."

ಅದಕ್ಕೇ ಇದರಲ್ಲಿ ಎಲ್ಲಾದರೂ ಭಾಷೆ ಶುದ್ಧವಾಗಿ ಕಂಡರೆ ಅದು ಅವಳದು. ಮಾತು ಉದ್ದವಾಯಿತು ಅನಿಸಿದರೆ ಅದು ನನ್ನದು.

ನಾನು ಕೆಲಸ ಕಲಿತದ್ದು ಬೀದರಿನ ಚೌಬಾರಾದ ಹತ್ತಿರ ಅಂಗಡಿ ಇಟ್ಟಿದ್ದ ಮಹಬೂಬಸಾಬರ ಕೈಯಲ್ಲಿ. ಎಲ್ಲರೂ ಅವರನ್ನು ಉಸ್ತಾದ್ ಅನ್ನುತ್ತಿದ್ದರು. ನನಗೆ ಆಗಲೇ ಮದುವೆಯಾಗಿತ್ತು. ಹೊಲದ ಕೆಲಸ ಬಿಟ್ಟು ತಂತಿ ಸುತ್ತಲು ಬಂದಿದ್ದಕ್ಕೆ ಮಾವನವರು ಮಾತು ಬಿಟ್ಟಿದ್ದರು. ಉಸ್ತಾದರು ಮೊದಲ ದಿನವೇ ಹೇಳಿದರು: "ಮಾಣಿಕ್, ಮಷೀನು ದೊಡ್ಡದಲ್ಲ. ನಮಗ ಕರೆಸಿಕೊಂಡೋರ ಮನಿ ದೊಡ್ಡದು. ಸಪ್ಪಳ ನಾಳಿಗಿ ಮರೀತಾರ, ಅದಬ್ ಮರ್ಯಂಗಿಲ್ಲ."

ಅದಬ್ ಅಂದರೆ ಮರ್ಯಾದೆಯ ನಡೆ. ಅದು ಉಸ್ತಾದರಿಗೆ ಮೈಯಲ್ಲೇ ಇತ್ತು. ಹಿರಿಯರು ಯಾರು ಬಂದರೂ ಎದ್ದು ನಿಂತು ಹಣೆಗೆ ಕೈ ಹಚ್ಚಿ ಸಲಾಮು ಮಾಡಬೇಕು, ಆಗ ಕೈಯಲ್ಲಿ ಏನೇ ಇರಲಿ. ಒಂದು ಸಲ ಭಾಲ್ಕಿಯಲ್ಲಿ ಬೇವಿನ ಗಿಡ ಹತ್ತಿ ಭೋಂಗಾ ಕಟ್ಟುತ್ತಿದ್ದರು. ಒಂದು ಕೈಯಲ್ಲಿ ಟೊಂಗೆ, ಒಂದು ಕೈಯಲ್ಲಿ ಭೋಂಗಾ. ಕೆಳಗೆ ಮದುಮಗನ ಅಜ್ಜ ಹಾದುಹೋದರು. ಸಲಾಮು ಮಾಡದೆ ಇರಲಾಗದು, ಟೊಂಗೆ ಬಿಡಲಾಗದು. ಉಸ್ತಾದರು ಭೋಂಗಾ ಬಿಟ್ಟರು. ಅದು ನೇರ ಹೋಗಿ ಮಜ್ಜಿಗೆಯ ಹಂಡೆಯಲ್ಲಿ ಬಿತ್ತು. ಅಜ್ಜ ಧೋತರದ ಮೇಲಿನ ಮಜ್ಜಿಗೆ ಒರೆಸಿಕೊಳ್ಳುತ್ತಾ ಮೇಲೆ ನೋಡಿ, "ಸಲಾಮ್ ಮುಟ್ಟಿತ್ರಿ ಉಸ್ತಾದ್," ಎಂದರು.

ನನ್ನ ತಪ್ಪುಗಳಿಗೇನೂ ಕಡಿಮೆ ಇರಲಿಲ್ಲ. ಔರಾದದ ಕಡೆಯ ಮದುವೆ ಅಂದರೆ ಒಂದೇ ಹಂದರದ ಕೆಳಗೆ ಕನ್ನಡ, ಮರಾಠಿ, ತೆಲುಗು, ದಖನಿ ಎಲ್ಲಾ ಕೂತಿರುತ್ತಿದ್ದವು. ಊಟಕ್ಕೆ ಕರೆಯುವ ಕೆಲಸ ನನಗೆ ಬಂತು. ಗಂಡಿನ ಕಡೆಯವರು ಮರಾಠಿಯವರೆಂದು ಮೊದಲು ಮರಾಠಿಯಲ್ಲಿ ಕರೆದೆ. ಅಲ್ಲಿ ಎಲ್ಲರಿಗೂ ಎಲ್ಲಾ ಭಾಷೆ ಬರುತ್ತದಲ್ಲ, ಅಷ್ಟಕ್ಕೇ ಪಂಕ್ತಿ ತುಂಬಿಹೋಯಿತು. ಆದರೂ ಬಿಡದೆ ಒಂದೊಂದಾಗಿ ಎಲ್ಲಾ ಭಾಷೆಯಲ್ಲಿ ಕರೆದೆ. ಕಡೆಗೆ ತೆಲುಗಿಗೆ ಬರುವಷ್ಟರಲ್ಲಿ ಹೋಳಿಗೆ ಖಾಲಿ. ಹೆಣ್ಣಿನ ಸೋದರಮಾವ ತೆಲುಗಿನವರು, ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಎದ್ದರು. "ನಮ್ಮ ಮಾತು ಕಡೀಗೇನ್ರಿ? ಹೊಂಟೆವು ನಾವು."

ಉಸ್ತಾದರು ನನ್ನ ಕೈಯಿಂದ ಮೈಕು ಕಸಿದುಕೊಂಡು, ಅದರ ಮುಂದೆ ಒಂದು ಹಿತ್ತಾಳೆ ತಾಟು ಹಿಡಿದು ಸೌಟಿನಿಂದ ಬಾರಿಸಿದರು. "ಇದು ಎಲ್ಲಾರ ಭಾಷಾ ನೋಡ್ರಿ ಮಾಮಾ. ಎರಡನೇ ಪಂಕ್ತಿಗಿ ಮೊದಲು ನೀವೇ ಬರ್ರಿ." ಮಾವ ನಕ್ಕು ರುಮಾಲು ಸುತ್ತಿಕೊಂಡರು. ಅಂದಿನಿಂದ ನಾನು ಔರಾದಕ್ಕೆ ಹೋದಾಗಲೆಲ್ಲ ತಾಟು ಒಯ್ದೆ. ಹೊಸದಾಗಿ ಕೆಲಸಕ್ಕೆ ಬರುವ ಮಕ್ಕಳೇ, ನಿಮ್ಮ ಮುಂದೆ ಎಷ್ಟು ಗುಂಡಿಗಳಿದ್ದರೂ ಸರಿ, ಗಾಜಿನ ಆಚೆ ಕೂತವರು ಯಾರು ಅನ್ನುವುದನ್ನು ಮೊದಲು ನೋಡಿರಿ.

ಈಗ ಹಂದರದ ಮೇಳಕ್ಕೆ ಬರುತ್ತೇನೆ. ಬೀದರ ಜಿಲ್ಲೆಯಲ್ಲಿ ಈ ಮೇಳದ ಹಾಡು ಕೇಳದ ಮನೆ ಒಂದು ಕಾಲದಲ್ಲಿ ಇರಲಿಲ್ಲ. ಆದರೆ ನಾನು ಹೇಳುವುದು ಅವರು ಇನ್ನೂ ಹೆಸರು ಮಾಡಿರದ ದಿನಗಳ ಮಾತು. ಹಾಡುವವನು ಭಾಲ್ಕಿಯ ಸಂಗಪ್ಪ. ದಿಮಡಿ ಬಾರಿಸುವವನು ಔರಾದದ ಆಚೆ ಡಾಬಕಾದ ವಿಠ್ಠಲ. ದಿಮಡಿ ಅಂದರೆ ಕಟ್ಟಿಗೆಯ ಬಳೆಗೆ ಚರ್ಮ ಬಿಗಿದ, ಎಡಗೈಯಲ್ಲಿ ಹಿಡಿದು ಬಲಗೈ ಬೆರಳಿನಿಂದ ನುಡಿಸುವ ಸಣ್ಣ ವಾದ್ಯ. ಉಳಿದಂತೆ ಒಂದು ಹಾರ್ಮೋನಿಯಂ, ಒಂದು ಜೋಡಿ ತಾಳ. ಮದುವೆ ಹಂದರದ ಕೆಳಗೆ ಹಾಡುತ್ತಿದ್ದರು, ಅದಕ್ಕೇ ಆ ಹೆಸರು.

ಅವರದೊಂದು ಪದ್ಧತಿ. ಹಾಡು ನಡೆದಾಗ ಯಾರಾದರೂ ಒಳಗೆ ಬಂದರೆ ಸಂಗಪ್ಪ ಹಾಡು ನಿಲ್ಲಿಸುತ್ತಿರಲಿಲ್ಲ. ಅದೇ ಧಾಟಿಯಲ್ಲಿ, ಹಾಡಿನ ಒಳಗೇ, ಅವರ ಹೆಸರು ಹಿಡಿದು ಕರೆಯುತ್ತಿದ್ದ. ಹಾಗೆ ಕರೆಸಿಕೊಂಡವರು ಬಾಗಿಲಲ್ಲಿ ನಿಲ್ಲುವಂತಿಲ್ಲ. ಒಳಗೆ ಬರಬೇಕು, ಕೂಡಬೇಕು, "ಬಂದೆನ್ರಿ" ಎನ್ನಬೇಕು. ತಡವಾಗಿ ಬಂದವರಾದರೆ ಯಾಕೆ ತಡವಾಯಿತು ಎಂದು ಒಂದು ಸಾಲಿನಲ್ಲಿ ಹೇಳಬೇಕು, ಸಾಧ್ಯವಾದರೆ ಹಾಡಿಯೇ ಹೇಳಬೇಕು. ಹೇಳಿದರೆ ಮುಗಿಯಿತು. ಆ ತಡದ ಮಾತನ್ನು ಮತ್ತೆ ಯಾರೂ ಎತ್ತುವಂತಿಲ್ಲ. ಅವರ ದೊಡ್ಡ ಹಾಡೂ ಅಂಥದೇ ಇತ್ತು:

ಹಾಸಿದ ಚಾಪಿ ಮಡಚಬ್ಯಾಡ ತಂಗಿ,
ಬರೋರಿನ್ನೂ ದಾರ್ಯಾಗ ಅದಾರ.

ನಮ್ಮ ಜಿಲ್ಲೆ ಹೈದರಾಬಾದಿನಿಂದ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಅಂಗಡಿಯ ಬೋರ್ಡುಗಳಿಗೆ ಕನ್ನಡ ಬರೆಸುವ ಗಡಿಬಿಡಿ. ಉಸ್ತಾದರು ಕಟ್ಟೆಯ ಮೇಲೆ ಕೂತು ನಗುತ್ತಿದ್ದರು. "ಮಲ್ಕೊಂಡಿದ್ದು ಹೈದರಾಬಾದಿನಾಗ, ಎದ್ದಿದ್ದು ಮೈಸೂರಿನಾಗ. ಹಾಸಿಗಿ ಮಾತ್ರ ಅದೇ ಅದ ನೋಡು ಮಾಣಿಕ್." ಆ ದಿನಗಳಲ್ಲಿ ಮೈಸೂರ ಕಡೆಯಿಂದ ಒಬ್ಬ ಅಧಿಕಾರಿ ಬಂದರು. ವಯಸ್ಸು ಸಣ್ಣದು, ಹಾಡಿನ ಹುಚ್ಚು ದೊಡ್ಡದು. ಅವರ ಜೊತೆ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಒಂದು ಟೇಪು ಮಷೀನು. ಎರಡು ದೊಡ್ಡ ಗಾಲಿ, ನಡುವೆ ಕಂದು ಪಟ್ಟಿ. ನಾನು ಹಿಂದೆಂದೂ ಅಂಥದ್ದನ್ನು ನೋಡಿರಲಿಲ್ಲ.

ಸಾಹೇಬರು ಭಾಲ್ಕಿಯ ಒಂದು ಮದುವೆಯಲ್ಲಿ ಸಂಗಪ್ಪನ ಹಾಡು ಕೇಳಿ, "ಎಷ್ಟು ಚೆನ್ನಾಗಿದೆ! ಇದನ್ನು ರೇಡಿಯೊದವರಿಗೆ ಕಳಿಸೋಣ. ಅವರು ಒಪ್ಪಿದರೆ ನಿಮ್ಮ ಹಾಡು ಇಡೀ ರಾಜ್ಯಕ್ಕೆ ಕೇಳಿಸುತ್ತೆ," ಎಂದರು.

ಸಂಗಪ್ಪ ನನ್ನ ಕಿವಿಯಲ್ಲಿ, "ಸಾಹೇಬರ ಕನ್ನಡ ತುಪ್ಪ ಹಚ್ಚಿದಂಗ ಅದಪಾ. ನಮ್ಮ ರೊಟ್ಟಿಗಿ ಹೊಂದತದೋ ಇಲ್ಲೋ," ಎಂದ.

ಮಷೀನು ಸಾಹೇಬರದು, ಜಾಗ ನೋಡುವ ಕೆಲಸ ಉಸ್ತಾದರದು. ಅವರು ಭಾಲ್ಕಿ ಸ್ಟೇಶನ್ನಿನ ಹತ್ತಿರ ಒಂದು ತೊಗರಿ ಗೋದಾಮು ಆರಿಸಿದರು. ಬರೀ ಗೋಡೆಗೆ ಬಡಿದ ಧ್ವನಿ ಚೆಂಡಿನ ಹಾಗೆ ತಿರುಗಿ ಬರುತ್ತದೆ. ತೊಗರಿ ಚೀಲ ಅದನ್ನು ನುಂಗಿಬಿಡುತ್ತದೆ. ಮೈಕು ಇದ್ದದ್ದು ಒಂದೇ. ಈಗ ಸುಜಾತಾ ಒಬ್ಬೊಬ್ಬರಿಗೂ ಒಂದೊಂದು ಮೈಕು ಕೊಟ್ಟು, ಯಾರ ಸಪ್ಪಳ ಎಷ್ಟು ಬೇಕೆಂದು ಆಮೇಲೆ ಕೂತು ತಿದ್ದುತ್ತಾಳೆ. ನಾವು ಮನುಷ್ಯರನ್ನೇ ಹಿಂದೆ ಮುಂದೆ ಸರಿಸಬೇಕಿತ್ತು. ಸಂಗಪ್ಪ ಮೈಕಿನ ಮುಂದೆ. ಹಾರ್ಮೋನಿಯಂ ಅವನ ಬೆನ್ನ ಹಿಂದೆ. ತಾಳ ಕಿವಿ ಕಚ್ಚುತ್ತದೆಂದು ಅದು ಬಾಗಿಲ ಹತ್ತಿರ. ಯಾರೂ ಜರುಗಬಾರದೆಂದು ನಾನು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಒಬ್ಬೊಬ್ಬರಿಗೂ ಒಂದು ದುಂಡು ಬರೆದೆ.

ಒಂದು ದುಂಡು ಖಾಲಿ ಉಳಿಯಿತು. ವಿಠ್ಠಲ ಬಂದಿರಲಿಲ್ಲ.

ಔರಾದದ ಬಸ್ಸಿಗೆ ಕಾದೆವು. ಸಾಹೇಬರು ಅಂದೇ ಸಂಜೆಯ ಗಾಡಿಗೆ ಮಷೀನು ತೆಗೆದುಕೊಂಡು ಹೊರಡಬೇಕು. ಟೇಪೂ ಒಂದೇ ಇತ್ತು. "ಇನ್ನು ಕಾಯುವುದಕ್ಕಾಗಲ್ಲ. ಶುರು ಮಾಡಿ. ದಯವಿಟ್ಟು ಮಧ್ಯದಲ್ಲಿ ಯಾರೂ ಮಾತಾಡಬೇಡಿ," ಎಂದರು.

"ಇಲ್ರಿ ಸಾಹೇಬ್ರ," ಎಂದ ಸಂಗಪ್ಪ. "ಆದರ ಬಂದೋರಿಗಿ ಬಾ ಅನ್ನದು ಮಾತಲ್ರಿ. ಅದು ಪದದಾಗಿಂದೇ."

ಪದ ಅಂದರೆ ನಮ್ಮ ಕಡೆ ಹಾಡು. ಸಾಹೇಬರಿಗೆ ಆ ಮಾತಿನ ಅರ್ಥ ಆಗಿದ್ದು ಹಾಡು ಶುರುವಾದ ಮೇಲೆ. ಅದು ಸಂತೆಯ ದಿನ. ಗೋದಾಮಿನಲ್ಲಿ ಹಾಡು ಕೇಳಿಸುತ್ತಿದೆ ಎಂದರೆ ಯಾರು ಬಿಡುತ್ತಾರೆ? ಬಾಗಿಲಲ್ಲಿ ಒಬ್ಬರು ತಲೆ ಹಾಕಿದರು. ಸಂಗಪ್ಪ ಅದೇ ಧಾಟಿಯಲ್ಲಿ, "ಬರ್ರಿ ಕಲ್ಲಪ್ಪ ಸಾವ್ಕಾರ್ರ, ಚೀಲದ ಮ್ಯಾಲ ಕೂಡ್ರಿ," ಎಂದು ಹಾಡಿದ. ಅವರು, "ಬಂದೆನ್ರಿ!" ಎಂದರು. ಹಿಂದಿನಿಂದ ಹಾಲಿನ ಶಂಕರಪ್ಪ. ಅವನಿಗೆ ಕ್ಯಾನು ಹೊರಗಿಡೆಂದು ಹಾಡಿನಲ್ಲೇ ಹೇಳಿದ್ದಾಯಿತು. ಆಮೇಲೆ ಸ್ಟೇಶನ್ನಿನಲ್ಲಿ ಚಹಾ ಮಾರುವ ಗೌರಕ್ಕ. "ಗೌರಕ್ಕ ಬಂದಾಳ, ಬಗಲಾಗ ಕೂಸದ, ಜಾಗ ಬಿಡ್ರಿ." ಆ ಕೂಸು ಕಿಟಾರೆಂದು ಅತ್ತಿತು. ನಡುವೆ ಗಾಡಿಯ ಸೀಟಿ. ಸಾಹೇಬರು ಮೊದಮೊದಲು ತಲೆ ಮೇಲೆ ಕೈ ಹೊತ್ತುಕೊಂಡರು. ಆಮೇಲೆ ನೋಡುತ್ತೇನೆ, ಕರವಸ್ತ್ರ ಬಾಯಿಗೆ ಒತ್ತಿಕೊಂಡು ನಗು ತಡೆಯುತ್ತಿದ್ದಾರೆ.

ಹಾಡು ಒಳ್ಳೆ ಏರಿದಾಗ ಬಾಗಿಲಲ್ಲಿ ವಿಠ್ಠಲ ಕಾಣಿಸಿದ. ಎದೆಗೆ ದಿಮಡಿ ಅವುಚಿಕೊಂಡಿದ್ದ. ಸಂಗಪ್ಪನ ಮುಖ ಅರಳಿತು. ಧ್ವನಿ ಎತ್ತಿ ಕರೆದ:

ಬಾರೋ ವಿಠ್ಠಲಾ, ಡಾಬಕಾದವನೆ,
ತಡವ್ಯಾಕಾಯ್ತೋ ತಮ್ಮಾ?

ಉಸ್ತಾದರು ಮಷೀನಿನ ಪಕ್ಕದಲ್ಲಿ ನೆಲದ ಮೇಲೆ ಕೂತು, ಒಳಗೆ ಬಂದವರಿಗೆಲ್ಲ ಎದ್ದೆದ್ದು ಸಲಾಮು ಮಾಡುತ್ತಿದ್ದರು. ವಿಠ್ಠಲ ಅವರಿಗಿಂತ ಎಷ್ಟೋ ಸಣ್ಣವನು. ಆದರೆ ಹಾಡಿನಲ್ಲಿ ಹೆಸರು ಹಿಡಿದು ಕರೆಸಿಕೊಂಡ ಮೇಲೆ ಅವನು ಅತಿಥಿ. ಉಸ್ತಾದರು ಎದ್ದರು, ಹಣೆಗೆ ಕೈ ಹೋಯಿತು, ಕಾಲು ತಂತಿಗೆ ತೊಡರಿತು. ಬ್ಯಾಟರಿಗೆ ಕಚ್ಚಿಸಿದ್ದ ತಂತಿ ಕಳಚಿ ಬಿತ್ತು. ಮಷೀನಿನ ಗಾಲಿಗಳು ಸುಸ್ತಾದವರ ಹಾಗೆ ನಿಧಾನವಾಗಿ ನಿಂತವು. ಹಾಡೂ ನಿಂತಿತು.

ವಿಠ್ಠಲ ಬಾಗಿಲಲ್ಲೇ ಉಳಿದ. ಅವನ ಉತ್ತರವನ್ನು ಯಾರೂ ಕೇಳಲಿಲ್ಲ.

"ಖಸೂರ್ ನಂದು," ಎಂದರು ಉಸ್ತಾದರು. ತಪ್ಪು ನನ್ನದು ಎಂದು.

"ಹ್ಯಾಂಗ್ರಿ ಉಸ್ತಾದ್? ನಾ ವ್ಯಾಳ್ಯಾಕ ಬಂದಿದ್ದರ ನೀವು ಯಾಕ ಏಳ್ತಿದ್ರಿ?"

"ಅರೆ, ಕಾಲು ನಂದು, ತಂತಿ ನಂದು, ಖಸೂರ್ ನಿಂದು ಹ್ಯಾಂಗ ಆಗ್ತದ?"

"ಬಾಗಲಾಗ ನಿಂತಿದ್ದು ನಾನಲ್ರಿ?"

ಹೀಗೆ ತಪ್ಪನ್ನು ಒಬ್ಬರ ಕೈಯಿಂದ ಒಬ್ಬರು ಕಸಿದುಕೊಳ್ಳುವಷ್ಟರಲ್ಲಿ ಗಾಡಿಯ ಹೊತ್ತಾಯಿತು. ಸಾಹೇಬರು ಮಷೀನು ಕಟ್ಟಿಕೊಂಡು ಹೋದರು. ಕೆಲವು ತಿಂಗಳ ಮೇಲೆ ಅವರೇ ಬೀದರಿಗೆ ಬಂದು ಟೇಪು ಮರಳಿ ಕೊಟ್ಟರು. "ಮೇಲಿನವರು ಒಪ್ಪಲಿಲ್ಲ. ಗದ್ದಲ ಹೆಚ್ಚು, ಹಾಡು ಅರ್ಧಕ್ಕೇ ನಿಂತಿದೆ ಅಂದರು. ನನಗೆ ಮಾತ್ರ ಇಷ್ಟವಾಗಿತ್ತು," ಎಂದರು. ಉಸ್ತಾದರು ಎದ್ದು ಸಲಾಮು ಮಾಡಿ, ಚಹಾ ತರಿಸಿ, ಟೇಪನ್ನು ಬಿಸ್ಕೀಟಿನ ಡಬ್ಬಿಯಲ್ಲಿಟ್ಟರು.

ಸಂಗಪ್ಪ ನಕ್ಕು ಬಿಟ್ಟ. ವಿಠ್ಠಲ ಬಿಡಲಿಲ್ಲ. ಅಂದಿನಿಂದ ಅವನು ಎಲ್ಲಿ ಕಾರ್ಯಕ್ರಮವಿದ್ದರೂ ಹಿಂದಿನ ದಿನವೇ ಬಂದು ಕೂಡುತ್ತಿದ್ದ. ಹಂದರ ಹಾಕುವವರಿಗಿಂತ ಮೊದಲು ಇವನು ಹಾಜರು. ಬೀಗರು ನಗುತ್ತಿದ್ದರು: "ಮದುಮಗ ಬರ್ಲಿಲ್ಲಂದ್ರೂ ಆಯ್ತು, ದಿಮಡಿ ಬಂದದ."

ಉಸ್ತಾದರೂ ಅಂಗಡಿಯಲ್ಲಿ ಹೊಸ ಕಾಯ್ದೆ ಮಾಡಿದರು. "ಮೊದಲು ತಂತಿ, ಆಮೇಲೆ ಸಲಾಮು." ಯಾರಾದರೂ ಬಂದರೆ ಏಳಲೇಬೇಕು. ಆದರೆ ಏಳುವ ಮೊದಲು ಒಂದು ಕೈಯಿಂದ ತಂತಿ ಹಿಡಿದುಕೊಳ್ಳಬೇಕು. ಸಲಾಮು ಬಿಡು ಎಂದು ಅವರು ಹೇಳಲಿಲ್ಲ ನೋಡಿರಿ. ನನಗೆ ಅದು ಎಷ್ಟು ರೂಢಿಯಾಯಿತೆಂದರೆ, ನನ್ನ ಮಗಳ ಮದುವೆಯಲ್ಲಿ ಬೀಗರು ಬಂದಾಗಲೂ ಎಡಗೈ ನೆಲದ ಮೇಲೆ ತಂತಿ ಹುಡುಕಿತು. ಬೀಗರು ಕಾಲಿಗೆ ಬೀಳಲು ಬಂದೆನೆಂದು ತಿಳಿದು ಗಾಬರಿಯಾಗಿ ಹಿಂದೆ ಸರಿದರು.

ಆಮೇಲೆ ಹಂದರದ ಮೇಳಕ್ಕೆ ಒಳ್ಳೆಯ ಕಾಲ ಬಂತು. ಹೈದರಾಬಾದಿಗೆ ಕರೆಸಿ ರೆಕಾರ್ಡು ಮಾಡಿದರು. ನಾನೂ ಜೊತೆಗೆ ಹೋಗಿದ್ದೆ. ಒಳಗೆ ಕೆಂಪು ಬಲ್ಬು ಹತ್ತಿದರೆ ಯಾರೂ ಕೆಮ್ಮುವಂತಿಲ್ಲ, ಬಾಗಿಲು ತೆಗೆಯುವಂತಿಲ್ಲ. ಸಂಗಪ್ಪ ಆ ಕಡೆ ಈ ಕಡೆ ನೋಡಿ, "ಯಾರೂ ಬರಲ್ಲಂದ್ರ ನಾ ಯಾರಿಗಿ ಕರೀಲಿ? ಬಲ್ಬಿಗೇನು?" ಎಂದ. ಹೆಸರು ಕರೆಯುವುದನ್ನೆಲ್ಲ ತೆಗೆದು ಹಾಡಿದ. ಹಾಡು ತೊಳೆದ ತಾಟಿನ ಹಾಗೆ ಬಂತು. ಆ ರೆಕಾರ್ಡು, ಆಮೇಲಿನ ಕ್ಯಾಸೆಟ್ಟು ಊರೂರಿಗೆ ಹೋದವು. ಭಾಲ್ಕಿಯ ಬಸ್ಸಿನಲ್ಲಿ, ಔರಾದದ ಹೋಟೆಲಿನಲ್ಲಿ ಎಲ್ಲಾ ಕಡೆ ಅದೇ. ಅದೂ ಛಲೋ ಇತ್ತು, ನಾನು ಇಲ್ಲವೆನ್ನುವುದಿಲ್ಲ.

ನಮ್ಮ ಕೆಲಸವೂ ಬದಲಾಯಿತು. ಮೊದಲಿನ ಮಷೀನುಗಳಲ್ಲಿ ಗಾಜಿನ ಬುರುಡೆಗಳಿದ್ದವು. ಅವು ಬಿಸಿಯಾಗುವ ತನಕ ಬಾಯಿ ಬಿಡುತ್ತಿರಲಿಲ್ಲ. ಆ ಹೊತ್ತಿನಲ್ಲಿ ನಾವು ಮನೆಯವರ ಜೊತೆ ಚಹಾ ಕುಡಿದು, ಯಾರು ಯಾರ ಮಗ ಅನ್ನುವುದೆಲ್ಲ ತಿಳಿದುಕೊಳ್ಳುತ್ತಿದ್ದೆವು. ಆಮೇಲೆ ಒತ್ತಿದ ಕೂಡಲೇ ಮಾತಾಡುವ ಮಷೀನು ಬಂದವು. ಹೊತ್ತು ಉಳಿಯಿತು, ಚಹಾ ಹೋಯಿತು. ಭೋಂಗಾ ಹೋಗಿ ಮನುಷ್ಯನೆತ್ತರದ ಪೆಟ್ಟಿಗೆಗಳು ಬಂದವು. ಎದೆ ನಡುಗುತ್ತದೆ, ಮಾತು ತಿಳಿಯುವುದಿಲ್ಲ. ಉಸ್ತಾದರು ಅಂಗಡಿ ಮುಚ್ಚುವಾಗ ಆ ಬಿಸ್ಕೀಟಿನ ಡಬ್ಬಿ ನನ್ನ ಕೈಗೆ ಕೊಟ್ಟರು. "ಇದರಾಗ ನನ್ನ ಸಲಾಮು ಅರ್ಧಕ್ಕ ನಿಂತದ. ಜತನ ಇಡು," ಎಂದರು. ಈಗ ಉಸ್ತಾದರೂ ಇಲ್ಲ, ಸಂಗಪ್ಪನೂ ಇಲ್ಲ. ಮೇಳದಲ್ಲಿ ಉಳಿದವನು ವಿಠ್ಠಲ ಒಬ್ಬನೇ.

ನಮ್ಮ ಮೈಲೂರಿ‌ನಲ್ಲಿ ಕಲಾವತಿ ಬಾಯಿ ಅಂತ ಇದ್ದಾರೆ. ಭಾಲ್ಕಿಯವರು, ನರ್ಸ್ ಆಗಿ ನಿವೃತ್ತರಾದವರು. ಹಂದರದ ಮೇಳದ ಹುಚ್ಚು ಅವರಿಗೆ. ರವಿವಾರ ಮಧ್ಯಾಹ್ನ ಅವರ ಮನೆಯಲ್ಲಿ ಅಂಥ ಹುಚ್ಚಿನವರೆಲ್ಲ ಸೇರಿ ಹಳೆಯ ಕ್ಯಾಸೆಟ್ಟು ಕೇಳುತ್ತಾರೆ. ಭಾಲ್ಕಿಯಿಂದ, ಔರಾದದಿಂದಲೂ ಬರುತ್ತಾರೆ. ಕ್ಯಾಸೆಟ್ಟಿಗಿಂತ ಹಳೆಯದೊಂದು ನನ್ನ ಹತ್ತಿರ ಇದೆ ಎಂದು ತಿಳಿದ ದಿನದಿಂದ ಬಾಯಿಯವರು ನನ್ನನ್ನು ಕೂಡಗೊಡಲಿಲ್ಲ.

"ಮಾಣಿಕಪ್ಪ ಕಾಕಾ, ಡಬ್ಬಿಯಾಗ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀರೇನ್ರಿ?"

ಟೇಪು ಸುಜಾತಾಗೆ ಕೊಟ್ಟೆ. ಅದು ಒಣಗಿ ಮುರಿಯುವ ಹಾಗಾಗಿತ್ತು. ಅವಳು ಹಳೆಯ ಮಷೀನು ಹುಡುಕಿಸಿ, ಕೂಸನ್ನು ಸ್ನಾನ ಮಾಡಿಸುವ ಹಾಗೆ ಜೋಪಾನ ಮಾಡಿ ಕಂಪ್ಯೂಟರಿಗೆ ಇಳಿಸಿದಳು. ಇದು ಅವಳು ತಾನೇ ಕೂತು ಮಾಡಿದ ಮೊದಲ ಕೆಲಸ. ಒಂದು ದಿನ ಫೋನು ಮಾಡಿದಳು.

"ಮುತ್ಯಾ, ನಮ್ಮ ಸರ್ ಎಲ್ಲಾ ತೊಳೆದು ಕೊಡು ಅಂದ್ರು. ಕೂಸಿನ ಅಳು, ಗಾಡಿ ಸೀಟಿ, ಹೆಸರು ಕರ್ಯೋದು ಎಲ್ಲಾ ತೆಗೀಲಾಕ ಬರ್ತದ. ಕಡೀಗಿ ಮೆಲ್ಲಕ ಇಳಿಸಿ ಮುಗಿಸಿದಂಗ ಮಾಡ್ಲಾಕೂ ಬರ್ತದ."

"ನಿನಗ ಹ್ಯಾಂಗ ಅನಸ್ತದವ್ವಾ?"

"ಎರಡೂ ಮಾಡಿ ಕೇಳ್ದೆ. ತೊಳೆದಿದ್ದರಾಗ ಹಾಡದ, ಮಂದಿ ಇಲ್ಲ. ಸರ್‌ಗೂ ಎರಡೂ ಕೇಳಿಸ್ದೆ. ಅವರೂ ಹೌದಂದ್ರು. ಬರೀ ಸುಯ್ಯನ್ನೋ ಸಪ್ಪಳ ಕಮ್ಮಿ ಮಾಡೀನಿ, ಉಳಿದಿದ್ದು ಹಂಗೇ ಬಿಟ್ಟೀನಿ."

ಫೋನು ಇಟ್ಟು ಹೊರಗೆ ಹೋಗಿ ಹಾಲಿನವನಿಗೆ ಮತ್ತೆ ಹೇಳಿದೆ.

ಬಾಯಿಯವರು ರವಿವಾರಕ್ಕೆ ಎಲ್ಲರನ್ನೂ ಕರೆದರು. ವಿಠ್ಠಲನನ್ನೂ, ದಿಮಡಿ ಸಮೇತ ಬಾ ಎಂದು ಕರೆದರು. ಅವನು ಎಂದಿನಂತೆ ಶನಿವಾರವೇ ಡಾಬಕಾದಿಂದ ಬಂದುಬಿಟ್ಟ. ಬೆನ್ನು ಬಾಗಿದೆ, ಬೆರಳು ಮಾತ್ರ ಇನ್ನೂ ತೊಡೆಯ ಮೇಲೆ ಏನೋ ನುಡಿಸುತ್ತಲೇ ಇರುತ್ತವೆ. ರವಿವಾರ ಊಟವಾಗಿ ಚಾಪೆ ಹಾಸುವಾಗ ಕೇಳಿದ, "ಇವತ್ತು ಯಾ ಟೇಪ್ ಹಚ್ತೀರಿ?"

"ಭಾಲ್ಕಿ ಗೋದಾಮಿಂದು," ಎಂದೆ.

ಅವನು ಎದ್ದು ಹೊರಗಿನ ಕಟ್ಟೆಗೆ ಹೋಗಿ ಕೂತ. ನಾನು ಹಿಂದೆ ಹೋದೆ.

"ಅದು ಮುಗಿಯೋತನ ನಾ ಒಳಗ ಬರಲ್ಲ ಮಾಣಿಕಾ. ಮೇಳಕ್ಕ ಮೊದಲನೇ ಸಲ ಬಾಗಲ ಮುಚ್ಚಿದ್ದು ನನ್ನಿಂದ. ಅದು ಅದರಾಗ ಅದ."

"ನಿನಗ ಯಾರೇನು ಅಂದಾರೋ? ಇಷ್ಟು ವರ್ಷದಾಗ ಒಬ್ಬರಾದ್ರೂ ಒಂದು ಮಾತು ಅಂದಾರೇನು?"

"ಅಂದಿದ್ದರ ಛಲೋ ಇತ್ತು. ಯಾಕ ತಡ ಆಯ್ತು ಅಂತ ಕೇಳಿದ್ದರ ಹೇಳ್ತಿದ್ದೆ. ಯಾರೂ ಕೇಳಲೇ ಇಲ್ಲ. ಸಂಗಪ್ಪ ಕೇಳಿದ, ಅಷ್ಟರಾಗ ಮಷೀನ್ ನಿಂತಿತು. ಆಮ್ಯಾಲ ಎಲ್ಲಾರೂ ಉಸ್ತಾದರ ಕಾಲು ನೋಡಿದ್ರು."

ಔರಾದದ ಬಸ್ಸು ತಡವಾಗಿರಬೇಕು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಕೇಳುವ ನೆನಪೇ ಆಗಿರಲಿಲ್ಲ. ಒಳಗೆ ಹೋಗುವಾಗ ತಿರುಗಿ ನೋಡಿದೆ. ಅವನು ಚೀಲದಿಂದ ದಿಮಡಿ ತೆಗೆದು, ಚರ್ಮ ಬಿಸಿಲಿಗೆ ಕಾದು ಬಿಗಿಯಾಗಲೆಂದು ಕಟ್ಟೆಯ ಮೇಲೆ ಇಟ್ಟಿದ್ದ. ಬಾರಿಸುವ ಮನಸ್ಸಿಲ್ಲದವನು ದಿಮಡಿ ಬಿಸಿಲಿಗೆ ಇಡುವುದಿಲ್ಲ ಎಂದುಕೊಂಡೆ. ಬಾಗಿಲು ತೆರೆದೇ ಬಿಟ್ಟೆ.

ಸುಜಾತಾ ಒಂದು ಸ್ಪೀಕರ್ ಇಟ್ಟು, ಇನ್ನೊಂದು ಕಡೆ ಮೈಕು ನಿಲ್ಲಿಸಿದಳು. ಕೇಳುವವರು ಏನಂತಾರೆ ಅದನ್ನೂ ಹಿಡಿದಿಡುತ್ತೇನೆ ಎಂದಳು. ಹಾಡು ಹಚ್ಚಿದಳು. ಸಂಗಪ್ಪನ ಧ್ವನಿ ಬಂತು. ಕ್ಯಾಸೆಟ್ಟಿನ ಧ್ವನಿಯಲ್ಲ, ಹಸಿ ಧ್ವನಿ, ಅಲ್ಲಲ್ಲಿ ಒಡೆಯುತ್ತದೆ, ಉಸಿರು ಕೇಳಿಸುತ್ತದೆ. ಕೂತವರೆಲ್ಲ ಒಮ್ಮೆ ಮುಂದೆ ಬಾಗಿದರು.

"ಬರ್ರಿ ಕಲ್ಲಪ್ಪ ಸಾವ್ಕಾರ್ರ," ಎಂದು ಹಾಡು ಕರೆಯಿತು. ಮೂಲೆಯಲ್ಲಿ ಭಾಲ್ಕಿಯಿಂದ ಬಂದ ಒಬ್ಬರು ದಡಕ್ಕನೆ ನೆಟ್ಟಗಾದರು. "ನಮ್ಮಪ್ಪ! ನಮ್ಮಪ್ಪನ ಹೆಸರ್ರಿ!" ಟೇಪಿನೊಳಗಿಂದ ಅವರ ಅಪ್ಪನೇ, "ಬಂದೆನ್ರಿ!" ಎಂದರು. ಮಗನೂ ಕೂತಲ್ಲಿಂದ, "ಬಂದೆನ್ರಿ!" ಎಂದು ಕೂಗಿದರು. ಕೋಣೆಯೆಲ್ಲ ನಕ್ಕಿತು. ಹಾಲಿನ ಕ್ಯಾನು ಬಂತು. ಆಮೇಲೆ, "ಗೌರಕ್ಕ ಬಂದಾಳ, ಬಗಲಾಗ ಕೂಸದ." ಕೂಸು ಕಿಟಾರೆಂದಿತು.

ಕಲಾವತಿ ಬಾಯಿಯವರು ಚಹಾದ ತಟ್ಟೆ ಹಿಡಿದು ನಿಂತಿದ್ದವರು ನಿಂತೇಬಿಟ್ಟರು. "ಯಾ ಗೌರಕ್ಕ್ರಿ? ಸ್ಟೇಶನ್ನಾಗ ಚಹಾ ಮಾರೋ ಗೌರಕ್ಕೇನು?"

"ಹೌದು ಬಾಯಿ, ಆಕೀನೇ."

"ನಮ್ಮವ್ವ ಅದಾಳಲ್ರಿ ಆಕಿ! ಆ ಕೂಸು..." ಎಂದವರೇ ಎದೆಗೆ ಕೈ ಹಚ್ಚಿಕೊಂಡರು. "ಅಳ್ಲತ್ತಿದ್ದು ನಾನೇ!" ಕಣ್ಣೊರೆಸಿಕೊಂಡು, ನಗುತ್ತಾ, ಸ್ಪೀಕರಿನ ಕಡೆ ತಿರುಗಿ, "ಬಂದೆನ್ರಿ ಸಂಗಪ್ಪ ಮಾಮಾ," ಎಂದರು.

ಹಾಡು ಏರುತ್ತಾ ಹೋಯಿತು. ಗಾಡಿಯ ಸೀಟಿ ಬಂತು. ಇನ್ನು ಏನು ಬರುತ್ತದೆಂದು ನನಗೆ ಗೊತ್ತಿತ್ತು, ಸುಜಾತಾಗೆ ಗೊತ್ತಿತ್ತು, ಕಟ್ಟೆಯ ಮೇಲೆ ಕೂತವನಿಗೂ ಗೊತ್ತಿತ್ತು.

ಬಾರೋ ವಿಠ್ಠಲಾ, ಡಾಬಕಾದವನೆ,
ತಡವ್ಯಾಕಾಯ್ತೋ ತಮ್ಮಾ?

ಕಡೆಯ ಅಕ್ಷರ ಗುಬ್ಬಿಯ ಧ್ವನಿಯ ಹಾಗೆ ಕಿಚ್ಚೆಂದು ಮೇಲೆದ್ದು ನಿಂತುಹೋಯಿತು. ಗಾಲಿ ನಿಧಾನವಾದಾಗ ಹಿಡಿದ ಧ್ವನಿಯನ್ನು ಸರಿಯಾದ ವೇಗದಲ್ಲಿ ಹಚ್ಚಿದರೆ ಹಾಗೇ ಕೇಳಿಸುತ್ತದೆ. ಆಮೇಲೆ ಏನೂ ಇಲ್ಲ. ಎಲ್ಲರ ಕಣ್ಣು ತೆರೆದ ಬಾಗಿಲ ಕಡೆ.

ಸುಜಾತಾ ಮೆಲ್ಲಗೆ, "ಇನ್ನೊಮ್ಮೆ ಹಚ್ಚಲಿ ಮುತ್ಯಾ?" ಎಂದಳು.

"ಬ್ಯಾಡ," ಎಂದರು ಬಾಯಿಯವರು. "ಕರೆದಿದ್ದು ಕೇಳಸ್ಯಾದ."

ಹೊರಗೆ ದಿಮಡಿ ಒಮ್ಮೆ ನುಡಿಯಿತು. ಬಿಸಿಲಿಗೆ ಕಾದ ಚರ್ಮ, ಗಂಟೆಯ ಹಾಗಿತ್ತು ಧ್ವನಿ. ಮತ್ತೊಮ್ಮೆ ನುಡಿಯಿತು. ವಿಠ್ಠಲ ಬಾಗಿಲಿಗೆ ಬಂದ. ಎದೆಗೆ ದಿಮಡಿ ಅವುಚಿಕೊಂಡು, ಅಂದು ನಿಂತ ಹಾಗೇ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತ. ಆಮೇಲೆ ಒಳಗೆ ಕಾಲಿಟ್ಟ. ಧ್ವನಿ ನಡುಗುತ್ತಿತ್ತು, ಧಾಟಿ ಮಾತ್ರ ಒಂದು ಕೂದಲೂ ತಪ್ಪಲಿಲ್ಲ:

ಬಂದೆನೋ ಸಂಗಣ್ಣಾ, ಗೋದಾಮ ಹಿಂದ
ತೊಗರಿ ಕಟ್ಟಿಗಿ ಉರಿ ಮಾಡಿ,
ಚಳಿಗಿ ಸಡಲಾದ ಚರ್ಮ ಕಾಸ್ತಿದ್ದೆ,
ನಿನ್ನ ಪದಕ ಛಲೋ ನುಡೀಲಂತ.

ಬಸ್ಸು ತಡವಾಗಿರಲೇ ಇಲ್ಲ. ಅವನು ನಮ್ಮ ಗೋಡೆಯ ಆಚೆಯೇ ಇದ್ದ.

ಕೋಣೆಯಲ್ಲಿದ್ದವರೆಲ್ಲ ಎದ್ದು ನಿಂತರು. ನಾನೂ ಎದ್ದೆ. ಏಳುವಾಗ ಸುಜಾತಾಳ ಕಡೆ ನೋಡಿದೆ. ಅವಳೂ ಏಳುತ್ತಿದ್ದಳು. ಎಡಗೈ ಮೊದಲು ನೆಲಕ್ಕೆ ಹೋಯಿತು. ಮೈಕಿನ ತಂತಿಯನ್ನು ಮುಷ್ಟಿಯಲ್ಲಿ ಭದ್ರ ಹಿಡಿದುಕೊಂಡಳು. ಆಮೇಲೆ ಪೂರಾ ಎದ್ದು ನಿಂತು, ಬಲಗೈ ಹಣೆಗೆ ಹಚ್ಚಿದಳು. ಅವಳ ಮಷೀನಿನ ಸಣ್ಣ ಕೆಂಪು ದೀಪ ಆರಲಿಲ್ಲ. ನಾನು ಅವಳಿಗೆ ಉಸ್ತಾದರ ಕಥೆಯನ್ನು ಎಂದೋ ಅವಳು ಸಣ್ಣವಳಿದ್ದಾಗ ಹೇಳಿದ್ದೆ, ಅಷ್ಟೇ. ನನಗೆ ಆಗ ಆದ ಸಂತೋಷವನ್ನು ಬರೆಯುವಷ್ಟು ಸಾಲಿ ನಾನು ಕಲಿತಿಲ್ಲ.

ವಿಠ್ಠಲ ಚಾಪೆಯ ಮೇಲೆ ಸ್ಪೀಕರಿನ ಹತ್ತಿರ ಕೂತ. ದಿಮಡಿಯನ್ನು ಎಡಗೈಗೆ ಏರಿಸಿದ. ತಡವಾಗಿ ಬಂದವರು ಕೂತ ಮೇಲೆ ಕೇಳುವ ಮಾತನ್ನು ಅಕ್ಕಪಕ್ಕದವರನ್ನು ನೋಡಿ ಕೇಳಿದ:

"ಪದ ಎಲ್ಲಿತನ ಬಂದದ್ರಿ?"